ಕೊಲ್ಹಾಪುರಿ ಚಪ್ಪಲಿ: ಹೆಸರಿನ ವ್ಯಾಜ್ಯ ಮತ್ತು ಕೋರ್ಟಿನ ಹೊರಗಿನ ಇತ್ಯರ್ಥ

ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿ, ಕೃಷ್ಣಾ ನದಿಯ ಎರಡೂ ದಂಡೆಗಳಲ್ಲಿ ಹರಡಿಕೊಂಡಿರುವ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ ಮತ್ತು ನಿಪ್ಪಾಣಿ ತಾಲ್ಲೂಕುಗಳು ಆಡಳಿತದ ದೃಷ್ಟಿಯಿಂದ ಕರ್ನಾಟಕದ ಅಂಚಿನ ಪ್ರದೇಶಗಳು. ಜನಪದರ ಬದುಕಿನ ದೃಷ್ಟಿಯಿಂದ ಅವು ಅಂಚಲ್ಲ, ನಡುನಾಡು. ಅಥಣಿ ತಾಲ್ಲೂಕಿನ ಕೊಕಟನೂರ ಇದಕ್ಕೊಂದು ನಿದರ್ಶನ. ಅಲ್ಲಿಯ ಯಲ್ಲಮ್ಮನ ಜಾತ್ರೆಗೆ ಕನ್ನಡ ಮಾತಾಡುವ ಒಕ್ಕಲುಗಳಂತೆಯೇ ಮರಾಠಿ ಮಾತಾಡುವ ಒಕ್ಕಲುಗಳೂ ನಡೆದುಕೊಳ್ಳುತ್ತವೆ. ಯಲ್ಲಮ್ಮನ ಪರಂಪರೆಯಲ್ಲಿ ಚೌಡಿಕೆಯ ಪದಗಳು ಎರಡೂ ಭಾಷೆಗಳಲ್ಲಿವೆ. ರೇಣುಕೆಯ ಕಥೆಯಲ್ಲಿ ಆಕೆಯ ಜೊತೆಗೇ ಬರುವ ಮಾತಂಗಿ ತೊಗಲಿನ ಕಸುಬಿನವರ ಕೇರಿಯ ದೇವತೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್‌ವಿಂಗಡಣೆಯಾದಾಗ ಈ ನಡುನಾಡಿನ ಮೇಲೆ ಒಂದು ಗೆರೆ ಬಿತ್ತು. ದೇವರಿಗೆ ನಡೆದುಕೊಳ್ಳುವವರನ್ನು ಆ ಗೆರೆ ತಡೆಯಲಿಲ್ಲ. ಆದರೆ ಕಸುಬಿನ ವಸ್ತುವೊಂದರ ಹೆಸರು ಕಾನೂನಿನ ಅರ್ಥದಲ್ಲಿ ಆಸ್ತಿಯಾದ ದಿನ ಅದೇ ಗೆರೆ ಒಂದು ತೊಡಕಾಗಿ ಎದುರು ನಿಂತಿತು. ಆ ವಸ್ತು ಕೊಲ್ಹಾಪುರಿ ಚಪ್ಪಲಿ.

ಹೆಸರು ಕೊಲ್ಹಾಪುರದ್ದು. ತಯಾರಿ ಮಾತ್ರ ಕೊಲ್ಹಾಪುರದ ಹಾಗೆಯೇ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಸೀಮೆಯ ಸಮಗಾರ ಕೇರಿಗಳದ್ದು. ಇಂಥ ವಸ್ತುವಿನ ಹೆಸರಿನ ಮೇಲೆ ಎರಡು ರಾಜ್ಯಗಳು ಹಕ್ಕು ಸಾಧಿಸಿದಾಗ ಮತ್ತು ದೂರದ ಇಟಲಿಯ ವ್ಯಾಪಾರಿ ಸಂಸ್ಥೆಯೊಂದು ಅದರ ಆಕಾರವನ್ನು ತನ್ನದೆಂಬಂತೆ ಪ್ರದರ್ಶಿಸಿದಾಗ, ಈ ಎರಡೂ ವ್ಯಾಜ್ಯಗಳು ನ್ಯಾಯಾಲಯದ ತೀರ್ಪಿನಿಂದಲ್ಲದೆ ಬೇರೆ ದಾರಿಯಿಂದ ಇತ್ಯರ್ಥವಾದುದು ಗಮನಾರ್ಹ ಸಂಗತಿ. ಆ ದಾರಿ ಯಾವುದು, ಅದರ ಹಿಂದೆ ಈ ಸೀಮೆಯ ಪರಂಪರೆ ಎಷ್ಟರ ಮಟ್ಟಿಗೆ ಇದೆ, ಚಪ್ಪಲಿ ಹೊಲಿಯುವವನಿಗೆ ಅದರಿಂದ ಏನು ದಕ್ಕಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲಿಗೆ ವಸ್ತುವಿನ ಸ್ವರೂಪವನ್ನು ನೋಡಬೇಕು. ಕೊಲ್ಹಾಪುರಿ ಚಪ್ಪಲಿಯಲ್ಲಿ ಕಬ್ಬಿಣದ ಮೊಳೆ ಇರುವುದಿಲ್ಲ. ಎಮ್ಮೆ ಕೋಣಗಳ ದಪ್ಪ ತೊಗಲಿನ ಅಟ್ಟೆಯನ್ನು ತೊಗಲಿನದೇ ಸಣ್ಣ ಬಾರಿನಿಂದ ಹೊಲಿಯುತ್ತಾರೆ. ಮೇಲ್ಪಟ್ಟಿಯ ಜಡೆಯಂಥ ಹೆಣಿಗೆಗೆ ಆಡಿನ ತೆಳು ತೊಗಲು. ಹೆಬ್ಬೆರಳಿಗೊಂದು ಉಂಗುಟ, ಅಟ್ಟೆಯ ಎರಡೂ ಬದಿಗೆ ಚಾಚಿಕೊಂಡ 'ಕಿವಿ'. ಮರಾಠಿಯ 'ಕಾನ'ದಿಂದ ಬಂದ 'ಕಾನವಾಲಿ' ಎಂಬ ಹೆಸರು ಈ ಕಿವಿಗಳನ್ನೇ ಸೂಚಿಸುತ್ತದೆ. ತೊಗಲಿನ ಹದ ಇನ್ನೂ ಮುಖ್ಯವಾದುದು. ಜಾಲಿಯ ತೊಗಟೆ ಮತ್ತು ಅಳಲೆಕಾಯಿಗಳ ರಸದಲ್ಲಿ ತೊಗಲನ್ನು ನೆನೆಹಾಕಿ, ಚೀಲದಂತೆ ಹೊಲಿದು, ಅದರೊಳಗೇ ಆ ರಸವನ್ನು ತುಂಬಿ ತೂಗುಹಾಕುವುದು ಹಳೆಯ ಕ್ರಮ. ರಸ ಒಳಗಿನಿಂದ ಹೊರಕ್ಕೆ ಜಿನುಗುತ್ತ ತೊಗಲು ಹದಗೊಳ್ಳಲು ವಾರಗಟ್ಟಲೆ ಬೇಕು. ಹದ ಮಾಡುವವರು ಢೋರರು, ಹೊಲಿಯುವವರು ಸಮಗಾರರು ಮತ್ತು ಮೋಚಿಗಾರರು. ರಂಪಿಗೆ ಹಿಡಿದು ಅಟ್ಟೆ ಕೊಯ್ಯುವುದು ಗಂಡಸರ ಕೆಲಸವಾದರೆ, ಜಡೆ ಹೆಣೆಯುವುದು, ಪಟ್ಟಿಗೆ ತೂತಿನ ಚಿತ್ತಾರ ಹೊಡೆಯುವುದು ಬಹುಮಟ್ಟಿಗೆ ಹೆಂಗಸರದು. ಒಂದು ಜೋಡಿನಲ್ಲಿ ಹೀಗೆ ಎರಡು ಮೂರು ಸಮುದಾಯಗಳ, ಒಂದು ಮನೆಯ ಎಲ್ಲ ವಯಸ್ಸಿನವರ ಕೈಗಳು ಕೂಡಿರುತ್ತವೆ. 'ಕರ್ತೃ' ಯಾರು ಎಂಬ ಪ್ರಶ್ನೆಗೆ ಇಲ್ಲಿ ಒಂದೇ ಹೆಸರಿನ ಉತ್ತರ ಸಾಧ್ಯವಿಲ್ಲ. ಪೇಟೆಂಟು, ಕೃತಿಸ್ವಾಮ್ಯ ಮೊದಲಾದ ವ್ಯಕ್ತಿನಿಷ್ಠ ಕಾನೂನುಗಳು ಈ ಕಸುಬಿಗೆ ಒಗ್ಗದಿರುವುದಕ್ಕೆ ಇದೇ ಮೂಲ ಕಾರಣ.

ಬಗೆಗಳ ಹೆಸರುಗಳೂ ಕುತೂಹಲಕರ. ಕಾಪಶಿ, ಪಾಯತಾಣ, ಕಚಕಡಿ, ಬಕ್ಕಲನಾಳಿ, ಪುಕರಿ ಎಂದು ಪ್ರಚಲಿತವಿರುವ ಹೆಸರುಗಳೆಲ್ಲವೂ ತಯಾರಾಗುವ ಊರುಗಳವು ಎಂದು ಹೇಳುವ ರೂಢಿಯುಂಟು. ಕಾಪಶಿಯ ವಿಷಯದಲ್ಲಿ ಇದು ನಿಜ, ಅದು ಕೊಲ್ಹಾಪುರ ಜಿಲ್ಲೆಯ ಊರು. ಪಾಯತಾಣದ ವಿಷಯದಲ್ಲಿ ಈ ಮಾತನ್ನು ಒಪ್ಪುವುದು ಕಷ್ಟ, ಏಕೆಂದರೆ ಮರಾಠಿಯಲ್ಲಿ ಅದು ಪಾದರಕ್ಷೆಗೆ ಇರುವ ಸಾಮಾನ್ಯ ಪದ. ಊರಿನ ಹೆಸರು ವಸ್ತುವಿಗೆ, ವಸ್ತುವಿನ ಹೆಸರು ಬಗೆಗೆ ಹೀಗೆ ಜಾರುತ್ತ ಹೋಗುವುದು ಜನಬಳಕೆಯ ಸಹಜ ಲಕ್ಷಣ. 'ಕೊಲ್ಹಾಪುರಿ' ಎಂಬುದೂ ಹೀಗೆ ಜಾರಿ ಬಂದ ಹೆಸರೇ. ಅಥಣಿ ಸೀಮೆಯಲ್ಲಿ ಹೊಲಿದ ಮಾಲು ಮಾರಾಟವಾಗುತ್ತಿದ್ದುದು ಕೊಲ್ಹಾಪುರ, ಮೀರಜ, ಸಾಂಗ್ಲಿಗಳ ಪೇಟೆಗಳಲ್ಲಿ. ಅಲ್ಲಿಂದ ಅದು ಮುಂಬಯಿಗೆ ಹೋಗುತ್ತಿತ್ತು. ಕೊಳ್ಳುವವನಿಗೆ ಗೊತ್ತಿದ್ದುದು ಪೇಟೆಯ ಹೆಸರು, ಕೇರಿಯ ಹೆಸರಲ್ಲ. 1894ರಿಂದ 1922ರವರೆಗೆ ಕೊಲ್ಹಾಪುರವನ್ನು ಆಳಿದ ಶಾಹು ಛತ್ರಪತಿಗಳು ಚರ್ಮದ ಕಸುಬಿಗೆ ಕೊಟ್ಟ ಪ್ರೋತ್ಸಾಹ ಈ ಹೆಸರನ್ನು ಇನ್ನಷ್ಟು ಗಟ್ಟಿಗೊಳಿಸಿತು. 1970ರ ದಶಕದಲ್ಲಿ ಅಮೆರಿಕ ಮತ್ತು ಯುರೋಪುಗಳ ಹಿಪ್ಪಿ ತರುಣರ ಕಾಲಿಗೆ ಈ ಚಪ್ಪಲಿ ಏರಿದಾಗ ಹೆಸರು ಜಗತ್ತಿನದಾಯಿತು. ಆಗಲೂ ಕೇರಿಗಳ ಹೆಸರು ಎಲ್ಲಿಯೂ ಕೇಳಿಸಲಿಲ್ಲ.

ಕಸುಬಿನ ಪ್ರಾಚೀನತೆಯನ್ನು ಹೇಳುವಾಗ ಎರಡೂ ರಾಜ್ಯಗಳ ಬರಹಗಳು 12ನೆಯ ಶತಮಾನಕ್ಕೆ, ಬಿಜ್ಜಳ ಮತ್ತು ಬಸವಣ್ಣನವರ ಕಲ್ಯಾಣಕ್ಕೆ ಹೋಗುತ್ತವೆ. ಇಂದಿನ ಆಕಾರದ ಚಪ್ಪಲಿಯನ್ನು ಆ ಕಾಲಕ್ಕೆ ಒಯ್ಯುವುದಕ್ಕೆ ಶಾಸನದ ಆಧಾರವನ್ನಾಗಲಿ ಶಿಲ್ಪದ ಆಧಾರವನ್ನಾಗಲಿ ಮುಂದಿಡದೆ ಈ ಮಾತನ್ನು ಪುನರುಚ್ಚರಿಸುವುದು ಸರಿಯಾದ ಇತಿಹಾಸವಲ್ಲ. ಆದರೆ ಐತಿಹ್ಯವಾಗಿ ಅದಕ್ಕೆ ಬೇರೆಯೇ ಬೆಲೆಯಿದೆ. ಸಮಗಾರ ಹರಳಯ್ಯ ಮತ್ತು ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಹೊಲಿದು ಬಸವಣ್ಣನವರಿಗೆ ಅರ್ಪಿಸಿದರು. ಬಸವಣ್ಣನವರು ಅದನ್ನು ಮೆಟ್ಟಲೊಲ್ಲದೆ ತಲೆಯ ಮೇಲಿಟ್ಟುಕೊಂಡು ಹಿಂದಿರುಗಿಸಿದರು. ದಾರಿಯಲ್ಲಿ ಅದನ್ನು ಕಸಿದು ಮೆಟ್ಟಿದ ಮಧುವರಸನ ಮೈಯೆಲ್ಲ ಉರಿಯೆದ್ದು, ಹರಳಯ್ಯನ ಮನೆಯ ನೀರಿನಿಂದಲೇ ಆ ಉರಿ ಆರಿತು ಎಂದು ಐತಿಹ್ಯ ಹೇಳುತ್ತದೆ. ಮಾಡಿದವನ ಒಪ್ಪಿಗೆಯಿಲ್ಲದೆ ವಸ್ತುವನ್ನು ತನ್ನದಾಗಿಸಿಕೊಂಡವನಿಗೆ ಪರಿಹಾರ ಸಿಗುವುದು ಮಾಡಿದವನ ಮನೆಯಲ್ಲೇ ಎಂಬ ಆಶಯ ಈ ಕಥೆಯಲ್ಲಿದೆ. ಕಥೆಯ ಮುಂದಿನ ಭಾಗದಲ್ಲಿ ಇಬ್ಬರೂ ಬೀಗರಾಗುತ್ತಾರೆ, ಅದಕ್ಕಾಗಿ ಇಬ್ಬರೂ ಪ್ರಾಣ ತೆರುತ್ತಾರೆ ಎಂಬುದನ್ನೂ ಮರೆಯಬಾರದು. ಚಪ್ಪಲಿ ಹೊಲಿದವನು ಊರ ಗೌಡರ ಮನೆಯ ಮುಂದೆ ಅದನ್ನು ಕಾಲಲ್ಲಿ ಹಾಕದೆ ಕೈಯಲ್ಲಿ ಹಿಡಿದು ದಾಟಬೇಕಾಗಿದ್ದ ಸಮಾಜದಲ್ಲಿ, ವಸ್ತುವಿನ ಹಕ್ಕಿನ ಮಾತು ಜಾತಿಯ ಮಾತೂ ಹೌದು. 'ಪಾರಂಪರಿಕ ಜ್ಞಾನ' ಎಂಬ ಈಚಿನ ಗೌರವದ ಪದ ಈ ಸಂಗತಿಯನ್ನು ಸುಲಭವಾಗಿ ಮುಚ್ಚಿಬಿಡುತ್ತದೆ.

ಕಸುಬಿಗೆ ಸಂಬಂಧಿಸಿದ ಹಕ್ಕಿನ ಜಗಳಗಳು ಈ ಸೀಮೆಗೆ ಹೊಸವಲ್ಲ. ಆಯಗಾರಿಕೆಯ ವ್ಯವಸ್ಥೆಯಲ್ಲಿ ಸಮಗಾರನು ರೈತನಿಗೆ ಚಪ್ಪಲಿ, ಮಿಣಿ, ಬಾರಕೋಲು ಮತ್ತು ಬಾವಿಯಿಂದ ನೀರೆತ್ತುವ ಕಪಿಲೆಯ ತೊಗಲಚೀಲ ಒದಗಿಸಬೇಕು. ಸುಗ್ಗಿಯಲ್ಲಿ ರೈತ ಅವನಿಗೆ ಆಯದ ಕಾಳು ಅಳೆಯಬೇಕು. ಯಾವ ಮನೆಗಳ ಆಯ ಯಾರಿಗೆ ಸಲ್ಲಬೇಕು ಎಂಬ ವಿವಾದ ಎದ್ದರೆ ಅದು ಮೊದಲು ಬರುತ್ತಿದ್ದುದು ಊರ ದೈವದ ಮುಂದೆ. ಇಲ್ಲಿ ದೈವವೆಂದರೆ ದೇವರಲ್ಲ, ಕೂಡಿದ ಊರು. ಮರಾಠರ ಆಳಿಕೆಯ ಕಾಲದಲ್ಲಿ ವತನದ ತಕರಾರುಗಳನ್ನು ಇತ್ಯರ್ಥಪಡಿಸುತ್ತಿದ್ದ ಗೋತಸಭೆಯೂ ಇದೇ ಜಾತಿಯದು. ಗೋತಸಭೆಯ ನಿರ್ಣಯವನ್ನು ಬರೆದಿಡುತ್ತಿದ್ದ 'ಮಹಜರು'ಗಳಲ್ಲಿ ಒಂದು ಸೊಗಸಾದ ಪದ್ಧತಿಯಿದೆ. ಓದು ಬರಹ ಬಾರದ ಸಭಿಕರು ಸಹಿಯ ಬದಲು ತಮ್ಮ ಕಸುಬಿನ ಹತ್ಯಾರದ ಗುರುತನ್ನು ಹಾಕುತ್ತಿದ್ದರು. ರೈತನದು ನೇಗಿಲು, ಬಡಿಗನದು ಉಳಿ. ತೀರ್ಮಾನಕ್ಕೆ ಬದ್ಧರಾಗುವವರು ತೀರ್ಮಾನದ ಕಾಗದದ ಮೇಲೆಯೇ, ತಮ್ಮ ದುಡಿಮೆಯ ಗುರುತಿನೊಂದಿಗೆ, ಇರುತ್ತಿದ್ದರು.

ಈ ಹೋಲಿಕೆಯನ್ನು ತೀರ ಮುಂದಕ್ಕೆ ಎಳೆಯುವುದು ಸಲ್ಲ. ಆಯದ ಹಕ್ಕು ಒಂದು ಊರಿಗೆ, ಒಂದು ಮನೆತನಕ್ಕೆ ಕಟ್ಟಿದ ಹಕ್ಕು. ವತನವನ್ನು ಮಾರುವುದೂ ಒತ್ತೆಯಿಡುವುದೂ ಇತ್ತು. ಕೈಚಳಕದ ಮೇಲಾಗಲಿ ಚಪ್ಪಲಿಯ ಆಕಾರದ ಮೇಲಾಗಲಿ ಹಕ್ಕು ಹೂಡುವ ಕಲ್ಪನೆ ಆ ವ್ಯವಸ್ಥೆಯಲ್ಲಿ ಇರಲಿಲ್ಲ. ಒಂದು ಕೇರಿಯ ಹೆಣಿಗೆ ಇನ್ನೊಂದು ಕೇರಿಗೆ ಸೊಸೆಯೊಂದಿಗೇ ಹೋಗುತ್ತಿತ್ತು. ಹಕ್ಕು ಇದ್ದುದು ಗಿರಾಕಿಯ ಮೇಲೆ, ಕಲೆಯ ಮೇಲಲ್ಲ. ಆಯ ಕರಗಿ ಪೇಟೆ ಬೆಳೆದಾಗ ಗಿರಾಕಿಯ ಮೇಲಿನ ಹಕ್ಕು ಹೋಯಿತು. ಉಳಿದದ್ದು ಹೆಸರು ಮಾತ್ರ. ಹೆಸರಿನ ವ್ಯಾಜ್ಯಕ್ಕೆ ಹೀಗೆ ನೆಲ ಸಿದ್ಧವಾಯಿತು.

ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಕ್ಕೆ ಬದ್ಧವಾದ ಭಾರತ 1999ರಲ್ಲಿ ಸರಕುಗಳ ಭೌಗೋಳಿಕ ಸೂಚಿಕೆಗಳ ಅಧಿನಿಯಮವನ್ನು ರೂಪಿಸಿತು. ಅದು 2003ರ ಸೆಪ್ಟೆಂಬರ್ 15ರಂದು ಜಾರಿಗೆ ಬಂದಿತು. ಚೆನ್ನೈಯಲ್ಲಿ ನೋಂದಣಿ ಕಚೇರಿ ತೆರೆಯಿತು. ಜನರ ಬಾಯಲ್ಲಿ 'ಜಿಐ ಟ್ಯಾಗ್' ಆಗಿರುವ ಈ ಹಕ್ಕು ಮೂರು ಬಗೆಯಲ್ಲಿ ಬೇರೆ ಬೌದ್ಧಿಕ ಆಸ್ತಿಗಳಿಗಿಂತ ಭಿನ್ನ. ಅದು ವ್ಯಕ್ತಿಗೆ ಸಲ್ಲುವುದಿಲ್ಲ, ಒಂದು ಭೂಪ್ರದೇಶದ ಉತ್ಪಾದಕರೆಲ್ಲರ ಪರವಾಗಿ ಒಂದು ಸಂಘ ಅಥವಾ ಸಂಸ್ಥೆಗೆ ಸಲ್ಲುತ್ತದೆ. ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತ ಹೋದರೆ ಅದಕ್ಕೆ ಕೊನೆಯೆಂಬುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅಧಿನಿಯಮದ 24ನೆಯ ಕಲಮಿನ ಪ್ರಕಾರ ಅದನ್ನು ಮಾರುವಂತಿಲ್ಲ, ಒತ್ತೆಯಿಡುವಂತಿಲ್ಲ, ಪರವಾನಗಿಯಾಗಿ ಬೇರೆಯವರಿಗೆ ಕೊಡುವಂತಿಲ್ಲ. ಪೇಟೆಂಟಿನ ಜಗಳದಲ್ಲಿ ಇಬ್ಬರು ವ್ಯಾಪಾರಿಗಳು ಕೂತು 'ಇಷ್ಟು ಕೊಡು, ಬಳಸಿಕೋ' ಎಂದು ಮುಗಿಸುವ ಹಾಗೆ ಇಲ್ಲಿ ಮುಗಿಸಲು ಬರುವುದಿಲ್ಲ.

ಕೋರ್ಟಿನ ಹೊರಗಿನ ಇತ್ಯರ್ಥಕ್ಕೆ ದೇಶದ ಕಾನೂನು ಬಾಗಿಲು ತೆರೆಯದೆ ಇಲ್ಲ. 2002ರಲ್ಲಿ ಹೊಸ ರೂಪದಲ್ಲಿ ಜಾರಿಗೆ ಬಂದ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೆಯ ಕಲಮು ದಾವೆಗಳನ್ನು ರಾಜಿ, ಮಧ್ಯಸ್ಥಿಕೆ, ಲೋಕ ಅದಾಲತ್ತುಗಳಿಗೆ ಕಳಿಸುವ ಅವಕಾಶ ಕೊಟ್ಟಿತು. 2023ರಲ್ಲಿ ಮಧ್ಯಸ್ಥಿಕೆಗೆಂದೇ ಪ್ರತ್ಯೇಕ ಅಧಿನಿಯಮ ಬಂದಿತು. ಜಾಗತಿಕ ಮಟ್ಟದಲ್ಲಿ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯು 1994ರಿಂದ ಜಿನೀವಾದಲ್ಲಿ ಮಧ್ಯಸ್ಥಿಕೆಯ ಕೇಂದ್ರವನ್ನು ನಡೆಸುತ್ತಿದೆ. ಆದರೆ ಇಡೀ ಲೋಕದ ಎದುರು ಸಲ್ಲುವ ಹಕ್ಕುಗಳನ್ನು ಖಾಸಗಿ ಮಧ್ಯಸ್ಥರು ತೀರ್ಮಾನಿಸಲಾಗದು ಎಂದು ಸರ್ವೋಚ್ಚ ನ್ಯಾಯಾಲಯ 2011ರ ಬೂಜ್ ಆ್ಯಲನ್ ಪ್ರಕರಣದಲ್ಲಿ ಹೇಳಿದೆ. ನೋಂದಣಿ ಪುಸ್ತಕದಲ್ಲಿ ಯಾರ ಹೆಸರು ಇರಬೇಕು ಎಂಬುದು ಅಂಥ ಹಕ್ಕು. ಆದ್ದರಿಂದ ಭೌಗೋಳಿಕ ಸೂಚಿಕೆಯ ಪೈಪೋಟಿಯಲ್ಲಿ ರಾಜಿಯ ನಿಜವಾದ ಜಾಗ ಪಂಚರ ಕಟ್ಟೆಯಲ್ಲ, ಅರ್ಜಿಯ ನಮೂನೆಯೇ. ಎದುರಾಳಿಗಳು ಒಂದೇ ಅರ್ಜಿಯಲ್ಲಿ ಜೊತೆಯಾಗಿ ನಿಂತರೆ ವ್ಯಾಜ್ಯ ಹುಟ್ಟುವ ಮೊದಲೇ ಕರಗುತ್ತದೆ.

ಕೊಲ್ಹಾಪುರಿಯ ವಿಷಯದಲ್ಲಿ ಆದದ್ದು ಇದೇ. 2009ರಲ್ಲಿ ಸಲ್ಲಿಕೆಯಾದ ಅರ್ಜಿ ಮಹಾರಾಷ್ಟ್ರದ ಸಂತ ರೋಹಿದಾಸ ಚರ್ಮೋದ್ಯೋಗ ಮತ್ತು ಚರ್ಮಕಾರ ಅಭಿವೃದ್ಧಿ ನಿಗಮ ಅಂದರೆ ಲಿಡ್‌ಕಾಮ್, ಕರ್ನಾಟಕದ ಡಾ. ಬಾಬು ಜಗಜೀವನರಾಮ್ ಚರ್ಮ ಕೈಗಾರಿಕೆಗಳ ಅಭಿವೃದ್ಧಿ ನಿಗಮ ಅಂದರೆ ಲಿಡ್‌ಕರ್, ಈ ಎರಡೂ ನಿಗಮಗಳ ಹೆಸರಿನಲ್ಲಿ ನೋಂದಣಿಯಾಗಲು ಒಂಬತ್ತು ವರ್ಷ ಹಿಡಿಯಿತು. ಈ ನಡುವಿನ ಹಗ್ಗಜಗ್ಗಾಟ ಸಣ್ಣದಲ್ಲ. ಮಹಾರಾಷ್ಟ್ರ ತನಗೊಂದಕ್ಕೇ ಹಕ್ಕು ಸಿಗಬೇಕೆಂದು ಪ್ರಯತ್ನಿಸಿದಾಗ ಲಿಡ್‌ಕರ್ ಮೂಲಕ ಹೋರಾಡಿ ಇಲ್ಲಿಯ ಕುಶಲಕರ್ಮಿಗಳು ಹೊರಗುಳಿಯದಂತೆ ನೋಡಿಕೊಳ್ಳಲಾಯಿತು ಎಂದು, ಹಿಂದೆ ಸಮಾಜ ಕಲ್ಯಾಣ ಸಚಿವರಾಗಿದ್ದ ಪ್ರಿಯಾಂಕ್ ಖರ್ಗೆ ಅವರು 2025ರಲ್ಲಿ ನೆನಪಿಸಿಕೊಂಡಿದ್ದಾರೆ. 2018ರ ಡಿಸೆಂಬರಿನಲ್ಲಿ ನೋಂದಣಿ ದೊರೆಯಿತು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ; ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಹೀಗೆ ಎಂಟು ಜಿಲ್ಲೆಗಳು 'ಕೊಲ್ಹಾಪುರಿ' ಎಂಬ ಒಂದೇ ಹೆಸರಿನ ನಾಡಾದವು.

ಈ ಎಂಟು ಜಿಲ್ಲೆಗಳ ನಕ್ಷೆಯನ್ನು ಗಡಿ ವಿವಾದದ ನಕ್ಷೆಯ ಪಕ್ಕದಲ್ಲಿಟ್ಟು ನೋಡಬೇಕು. 1967ರ ಮಹಾಜನ ಆಯೋಗದ ವರದಿ ನಿಪ್ಪಾಣಿ, ಖಾನಾಪುರ, ನಂದಗಡಗಳು ಮಹಾರಾಷ್ಟ್ರಕ್ಕೂ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಮೊದಲಾದವು ಕರ್ನಾಟಕಕ್ಕೂ ಹೋಗಬೇಕೆಂದು ಹೇಳಿತು. ಮಹಾರಾಷ್ಟ್ರ ಆ ವರದಿಯನ್ನು ಒಪ್ಪಲಿಲ್ಲ. 2004ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿತು. ಎರಡು ದಶಕ ದಾಟಿದರೂ ಅದು ತೀರ್ಮಾನವಾಗಿಲ್ಲ. ಅದೇ ಎರಡು ರಾಜ್ಯಗಳು, ಅದೇ ನೆಲ, ಹೆಚ್ಚು ಕಡಿಮೆ ಅದೇ ಕಾಲ. ಚಪ್ಪಲಿಯ ವಿಷಯ ಮಾತ್ರ ಮುಗಿಯಿತು. ಮುಗಿದ ಬಗೆಯಲ್ಲಿ ಇನ್ನೊಂದು ವಿಶೇಷವಿದೆ: ಆಯೋಗ ಆಚೀಚೆ ಮಾಡಹೊರಟ ಆ ನಿಪ್ಪಾಣಿ, ಆ ಅಕ್ಕಲಕೋಟೆ ಎರಡೂ ಈ ಎಂಟು ಜಿಲ್ಲೆಗಳ ಒಳಗೇ ಬೀಳುತ್ತವೆ. ಗಡಿ ಎತ್ತ ಸರಿದರೂ ನಿಪ್ಪಾಣಿಯ ಸಮಗಾರನು ಹೊಲಿದದ್ದು ಕೊಲ್ಹಾಪುರಿಯೇ. ಹಕ್ಕಿನ ಎಲ್ಲೆಯನ್ನು ರಾಜ್ಯದ ಎಲ್ಲೆಗೆ ಹೊಂದಿಸದೆ ಕಸುಬಿನ ಎಲ್ಲೆಗೆ ಹೊಂದಿಸಿದ್ದರಿಂದ ಇದು ಸಾಧ್ಯವಾಯಿತು. ಕಸುಬಿನ ಎಲ್ಲೆಯಾದರೂ ಸರ್ಕಾರ ಹೊಸದಾಗಿ ಎಳೆದದ್ದಲ್ಲ. ಬೀಗತನ, ಜಾತ್ರೆ, ಸಂತೆಗಳು ಮೊದಲೇ ಎಳೆದಿಟ್ಟಿದ್ದ ಎಲ್ಲೆ ಅದು.

ಎಲ್ಲ ಕಡೆ ಹೀಗಾಗಿಲ್ಲ. ರಸಗುಲ್ಲಾಕ್ಕಾಗಿ ಪಶ್ಚಿಮ ಬಂಗಾಳ ಮತ್ತು ಒಡಿಶಾಗಳು ಕಾದಾಡಿದಾಗ 2017ರಲ್ಲಿ ಬಂಗಾಳದ ಹೆಸರಿನದೊಂದು, 2019ರಲ್ಲಿ ಒಡಿಶಾದ ಹೆಸರಿನದೊಂದು ಹೀಗೆ ಎರಡು ನೋಂದಣಿಗಳಾದವು. ಅಣ್ಣತಮ್ಮಂದಿರು ಮನೆಯ ನಡುವೆ ಗೋಡೆಯೆಬ್ಬಿಸಿಕೊಂಡಂತೆ ಅದು. ಸಿಹಿತಿನಿಸಿಗೆ ಆ ಬಗೆಯ ಪಾಲು ಸಾಧ್ಯವಿತ್ತೇನೋ. 'ಅಥಣಿ ಚಪ್ಪಲಿ' ಎಂದು ಬೇರೆ ಹೆಸರು ಪಡೆದಿದ್ದರೆ ಅಥಣಿಗೆ ಅಭಿಮಾನ ದಕ್ಕುತ್ತಿತ್ತು, ಜಗತ್ತು ಬಲ್ಲ ಹೆಸರು ತಪ್ಪಿಹೋಗುತ್ತಿತ್ತು. ಬೇರೆ ಗುರುತಿನ ದಾರಿಯನ್ನೂ ಅಥಣಿ ಪ್ರಯತ್ನಿಸದೆ ಬಿಟ್ಟಿಲ್ಲ. ಕಳೆದ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿ ಮಹಿಳಾ ಸ್ವಸಹಾಯ ಗುಂಪುಗಳ ಮೂಲಕ ರೂಪುಗೊಂಡ 'ಟೋಹೋಲ್ಡ್' ಸಂಘಟನೆ ತನ್ನದೇ ವ್ಯಾಪಾರ ಗುರುತಿನಲ್ಲಿ ವಿದೇಶದ ಮಾರುಕಟ್ಟೆಗೆ ಹೋಯಿತು. ಹೆಣಿಗೆಯ ಹೆಂಗಸರು ಕಸುಬಿನ ಲೆಕ್ಕಪತ್ರದಲ್ಲಿ ಕಾಣಿಸಿಕೊಳ್ಳಲು ಅದು ದಾರಿಮಾಡಿತು.

ಎರಡನೆಯ ವ್ಯಾಜ್ಯ ಹೊರಗಿನಿಂದ ಬಂದಿತು. 2025ರ ಜೂನ್ 22ರಂದು ಇಟಲಿಯ ಮಿಲಾನ್ ನಗರದ ಫ್ಯಾಷನ್ ಪ್ರದರ್ಶನದಲ್ಲಿ ಪ್ರಾಡಾ ಸಂಸ್ಥೆ, ಉಂಗುಟವೂ ಹೆಣೆದ ಪಟ್ಟಿಯೂ ಇದ್ದ ಚಪ್ಪಲಿಗಳನ್ನು ಬರಿದೇ 'ಚರ್ಮದ ಸ್ಯಾಂಡಲ್' ಎಂಬ ಹೆಸರಿನಲ್ಲಿ ತೋರಿಸಿತು. ಭಾರತದ ಉಲ್ಲೇಖವಿರಲಿಲ್ಲ. ಆಕ್ಷೇಪಗಳು ಎದ್ದವು. ಮಹಾರಾಷ್ಟ್ರ ವಾಣಿಜ್ಯ, ಕೈಗಾರಿಕೆ ಮತ್ತು ಕೃಷಿ ಮಂಡಳಿ ಬರೆದ ಪತ್ರಕ್ಕೆ ಉತ್ತರವಾಗಿ ಸಂಸ್ಥೆ ಈ ವಿನ್ಯಾಸಕ್ಕೆ ಭಾರತದ ಕೈಕಸುಬಿನ ಪಾದರಕ್ಷೆಗಳು ಪ್ರೇರಣೆ ಎಂದು ಒಪ್ಪಿಕೊಂಡಿತು. ಅಷ್ಟರಲ್ಲಿ ಕೆಲವು ವಕೀಲರು ಪರಿಹಾರ ಮತ್ತು ಕ್ಷಮಾಪಣೆ ಕೋರಿ ಬಾಂಬೆ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿದ್ದರು. ಜುಲೈ 16ರಂದು ನ್ಯಾಯಾಲಯ ಅದನ್ನು ವಜಾ ಮಾಡಿತು. ಸೂಚಿಕೆಯ ನೋಂದಾಯಿತ ಸ್ವಾಮ್ಯ ಎರಡು ನಿಗಮಗಳದ್ದು, ನೊಂದವರು ಅವರಾದರೆ ದಾವೆ ಹೂಡಬೇಕಾದವರೂ ಅವರೇ ಎಂಬುದು ಅದರ ನಿಲುವು. ಹೀಗೆ ಕೋರ್ಟು ಕೈಚೆಲ್ಲಿತು ಎನ್ನುವುದಕ್ಕಿಂತ ಮಾತಾಡಬೇಕಾದವರು ಯಾರು ಎಂಬುದನ್ನು ತೋರಿಸಿಕೊಟ್ಟಿತು ಎನ್ನಬಹುದು.

ನಿಗಮಗಳು ದಾವೆಗೆ ಹೋಗಲಿಲ್ಲ. ಹೋಗಿದ್ದರೂ ಗೆಲುವು ಸುಲಭವಿರಲಿಲ್ಲ. ಭೌಗೋಳಿಕ ಸೂಚಿಕೆ ಕಾಪಾಡುವುದು ಮುಖ್ಯವಾಗಿ ಹೆಸರನ್ನು. ಪ್ರಾಡಾ ಹೆಸರನ್ನು ಬಳಸಿಯೇ ಇರಲಿಲ್ಲ, ಆಕ್ಷೇಪವೇ ಅದಾಗಿತ್ತು. ಮೇಲಾಗಿ ಭಾರತದ ನೋಂದಣಿ ಇಟಲಿಯಲ್ಲಿ ತಾನಾಗಿಯೇ ಊರ್ಜಿತವಾಗುವುದಿಲ್ಲ. ಕರಕುಶಲ ವಸ್ತುಗಳ ಸೂಚಿಕೆಗಳನ್ನು ಒಟ್ಟಾಗಿ ರಕ್ಷಿಸುವ ಐರೋಪ್ಯ ಒಕ್ಕೂಟದ ನಿಯಮ ಅನ್ವಯವಾಗಲು ಆರಂಭವಾದದ್ದೇ 2025ರ ಡಿಸೆಂಬರ್ 1ರಂದು. ಕಾನೂನಿನ ಬಲ ಇಷ್ಟು ತೆಳುವಾಗಿದ್ದಾಗ ನಿಗಮಗಳ ಕೈಯಲ್ಲಿದ್ದದ್ದು ಜನಾಭಿಪ್ರಾಯ ಮತ್ತು ಪ್ರಾಡಾದ ಮಾನದ ಪ್ರಶ್ನೆ. ಊರ ದೈವದ ಬಲವೂ ಮೂಲತಃ ಇದೇ ಆಗಿತ್ತು. ಜುಲೈ ತಿಂಗಳಲ್ಲೇ ಸಂಸ್ಥೆಯ ತಂಡ ಕೊಲ್ಹಾಪುರಕ್ಕೆ ಬಂದು ಕುಶಲಕರ್ಮಿಗಳನ್ನು ಕಂಡಿತು. ಡಿಸೆಂಬರ್ 11ರಂದು ಮುಂಬಯಿಯ ಇಟಲಿ ದೂತಾವಾಸದಲ್ಲಿ ಪ್ರಾಡಾ, ಲಿಡ್‌ಕಾಮ್ ಮತ್ತು ಲಿಡ್‌ಕರ್ ತಿಳಿವಳಿಕೆ ಪತ್ರಕ್ಕೆ ಸಹಿ ಹಾಕಿದವು. ಮಹಾರಾಷ್ಟ್ರ ಮತ್ತು ಕರ್ನಾಟಕದ ಕುಶಲಕರ್ಮಿಗಳ ಕೈಯಲ್ಲಿ 2,000 ಜೋಡು ತಯಾರಿಸಿ, ಜೋಡಿಗೆ ಸುಮಾರು 800 ಯೂರೊ, ಅಂದರೆ ಹತ್ತಿರ ಹತ್ತಿರ 84 ಸಾವಿರ ರೂಪಾಯಿ ಬೆಲೆಗೆ, 2026ರ ಫೆಬ್ರುವರಿಯಿಂದ ಜಗತ್ತಿನ 40 ಮಳಿಗೆಗಳಲ್ಲಿ ಮತ್ತು ಅಂತರ್ಜಾಲದಲ್ಲಿ ಮಾರುವ ಯೋಜನೆಯನ್ನು ಪ್ರಕಟಿಸಲಾಯಿತು. ಕುಶಲಕರ್ಮಿಗಳ ತರಬೇತಿಯೂ ಅದರಲ್ಲಿ ಸೇರಿದೆ.

ಈ ಮಾಲಿಗೆ ಕೊಟ್ಟ ಹೆಸರನ್ನು ಗಮನಿಸಬೇಕು. 'ಭಾರತದಲ್ಲಿ ತಯಾರಾದದ್ದು, ಕೊಲ್ಹಾಪುರಿ ಚಪ್ಪಲಿಯಿಂದ ಪ್ರೇರಿತವಾದದ್ದು' ಎಂಬುದು ಅದರ ತಾತ್ಪರ್ಯ, ಕೊಲ್ಹಾಪುರಿ ಎಂದಲ್ಲ. 24ನೆಯ ಕಲಮಿನ ತಡೆ ಇರುವಾಗ ಹೆಸರನ್ನೇ ಪರವಾನಗಿಯಾಗಿ ಕೊಡಲು ನಿಗಮಗಳಿಗೆ ಬರುವಂತಿರಲಿಲ್ಲ, ಆದ್ದರಿಂದ 'ಪ್ರೇರಿತ' ಎಂಬ ಪದ ಎರಡೂ ಕಡೆಯವರಿಗೆ ಅನುಕೂಲದ ಪದ. ಆದರೆ ಅದರಲ್ಲೊಂದು ವಿಪರ್ಯಾಸವಿದೆ. ಅಥಣಿಯಲ್ಲೋ ಕೊಲ್ಹಾಪುರದಲ್ಲೋ ತಲೆಮಾರುಗಳಿಂದ ಕೊಲ್ಹಾಪುರಿ ಹೊಲಿದ ಕೈಗಳೇ ಹೊಲಿದ ಜೋಡು ಕೊಲ್ಹಾಪುರಿಯಾಗದೆ, ಕೊಲ್ಹಾಪುರಿಯಿಂದ ಪ್ರೇರಣೆ ಪಡೆದ ವಸ್ತುವಾಗಿ ಮಿಲಾನಿಗೆ ಹೋಗುತ್ತದೆ. ಪ್ರಕಟಿತ ಬೆಲೆಯನ್ನು ಪ್ರಕಟಿತ ಸಂಖ್ಯೆಯಿಂದ ಗುಣಿಸಿದರೆ 16 ಲಕ್ಷ ಯೂರೊ ಆಗುತ್ತದೆ. ಅದರಲ್ಲಿ ಢೋರನ ಹದಕ್ಕೆಷ್ಟು, ಹೆಣಿಗೆಯ ಹೆಂಗಸಿಗೆಷ್ಟು ಎಂಬ ಪಾಲಿನ ಮಾತೇ ಈ ರಾಜಿಯ ನಿಜವಾದ ಅಳತೆಗೋಲು. ಆಯದ ಕಾಲದಲ್ಲಿ ಅದು ಇಂತಿಷ್ಟು ಸೇರು ಎಂದು ಇಡೀ ಊರಿಗೆ ಗೊತ್ತಿರುತ್ತಿತ್ತು.

ಎರಡೂ ಇತ್ಯರ್ಥಗಳಲ್ಲಿ ಮಾತಿಗೆ ಕುಳಿತವರು ನಿಗಮಗಳು. ಇದು ಅನಿವಾರ್ಯವೂ ಹೌದು, ಚದುರಿಹೋದ ಕೇರಿಗಳಿಗೆ ಇಟಲಿಯ ಸಂಸ್ಥೆಯೊಂದಿಗೆ ವ್ಯವಹರಿಸುವ ಬಲ ಎಲ್ಲಿಂದ ಬರಬೇಕು? ಆದರೂ ಮಹಜರಿನ ಕಾಗದದ ಮೇಲಿದ್ದ ಹತ್ಯಾರದ ಗುರುತು ಈ ಕಾಗದಗಳ ಮೇಲಿಲ್ಲ. ಕಾನೂನು ಅದಕ್ಕೊಂದು ಜಾಗವನ್ನು ಮಾತ್ರ ಇಟ್ಟಿದೆ. ಭೌಗೋಳಿಕ ಸೂಚಿಕೆಗಳ ನೋಂದಣಿ ಪುಸ್ತಕದಲ್ಲಿ ಎರಡು ಭಾಗಗಳಿವೆ. 'ಎ' ಭಾಗದಲ್ಲಿ ಸೂಚಿಕೆ ಮತ್ತು ಅದರ ಸ್ವಾಮ್ಯದಾರರು. 'ಬಿ' ಭಾಗದಲ್ಲಿ ಅಧಿಕೃತ ಬಳಕೆದಾರರು, ಅಂದರೆ ಹೆಸರು ಹಿಡಿದು ಒಬ್ಬೊಬ್ಬ ಕುಶಲಕರ್ಮಿ. ತನ್ನ ಮಾಲಿನ ಮೇಲೆ ಕೊಲ್ಹಾಪುರಿಯ ಅಧಿಕೃತ ಗುರುತು ಹಾಕುವ ಹಕ್ಕೂ, ನಕಲಿನ ವಿರುದ್ಧ ಸ್ವತಃ ದಾವೆ ಹೂಡುವ ಹಕ್ಕೂ ಹುಟ್ಟುವುದು 'ಬಿ' ಭಾಗದಲ್ಲಿ ಹೆಸರು ಬಂದಾಗ. ರಾಜ್ಯಗಳ ರಾಜಿ ನಡೆದದ್ದು 'ಎ' ಭಾಗದಲ್ಲಿ. 2020ರ ತಿದ್ದುಪಡಿಯಿಂದ ಅಧಿಕೃತ ಬಳಕೆದಾರನ ಅರ್ಜಿಯ ಶುಲ್ಕ 500 ರೂಪಾಯಿಯಿಂದ 10 ರೂಪಾಯಿಗೆ ಇಳಿದಿದೆ. ಅರ್ಜಿಯನ್ನು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಸಲ್ಲಿಸಬೇಕು. ಕೃಷ್ಣಾ ತೀರದ ಸಮಗಾರ ಕೇರಿಗಳಲ್ಲಿ ಅಟ್ಟೆ ಕೊಯ್ಯುವುದು, ಜಡೆ ಹೆಣೆಯುವುದು ನಡೆಯುವುದು ಕನ್ನಡ ಮತ್ತು ಮರಾಠಿಗಳಲ್ಲಿ.